ಹಲಸಿನ ಹಲಗೆಯ ಹೆಂಗಸು

ಬಾಳೆಹೊನ್ನೂರಿನ ಬಸ್ ನಿಲ್ದಾಣದಲ್ಲಿ ರೇಣುಕಪ್ಪ ಮಾರುತ್ತಿದ್ದದ್ದು ಹದಿನಾರು ಪುಟದ ಕಥೆಪದದ ಪುಸ್ತಕ. ಪದ ಕಟ್ಟುವವನೂ ಅವನೇ, ಮೇಲುಪುಟದ ಚಿತ್ರಕ್ಕೆ ಹಲಸಿನ ಹಲಗೆಯಲ್ಲಿ ಅಚ್ಚು ಕೆತ್ತುವವನೂ ಅವನೇ, ನಿಂತು ಹಾಡುವವನೂ ಅವನೇ. ಹಾಡಿನಲ್ಲಿ ಹೆಣ ಬೀಳುವ ಹೊತ್ತಿಗೆ ಸರಿಯಾಗಿ ಗಕ್ಕನೆ ನಿಲ್ಲಿಸಿ ಬಾಯಿ ಒರೆಸಿಕೊಳ್ಳುತ್ತಿದ್ದ. ಮುಂದೇನಾಯಿತೆಂದು ತಿಳಿಯಬೇಕಾದವರು ಪುಸ್ತಕ ಕೊಳ್ಳಬೇಕು. ಅರ್ಧ ಸರಕು ಪುಕ್ಕಟೆ ಕೊಟ್ಟು ಉಳಿದರ್ಧವನ್ನು ಪೂರ್ತಿ ಬೆಲೆಗೆ ಮಾರುವ ಈ ವಿದ್ಯೆ ಅಂಗಡಿ ಸಾಲಿನ ಬೇರೆ ಯಾರಿಗೂ ಒಲಿದಿರಲಿಲ್ಲ.

ಹೆಂಗಸಿನ ಅಚ್ಚು ಅವನ ಬಳಿ ಇದ್ದದ್ದು ಒಂದೇ. ಮದುವೆಯಾದ ವರ್ಷ ಹೆಂಡತಿ ನೀಲಾಂಬಿಕೆಯನ್ನು ಎದುರಿಗೆ ಕೂರಿಸಿಕೊಂಡು ಕೆತ್ತಿದ್ದು: ಅಗಲ ಹಣೆ, ಮೂಗುಬೊಟ್ಟು, ಗಲ್ಲದ ಮೇಲೊಂದು ಮಚ್ಚೆ. ಇಪ್ಪತ್ತು ವರ್ಷ ಅದೇ ಮುಖ ಒಮ್ಮೆ ಶರಣೆಯಾಯಿತು, ಒಮ್ಮೆ ಹುಲಿಯ ಬಾಯಿಂದ ಮಗುವನ್ನು ಬಿಡಿಸಿಕೊಂಡ ತಾಯಿಯಾಯಿತು. ಸಂತೆಯಲ್ಲಿ ಹೆಂಗಸರು ನೀಲಾಂಬಿಕೆಗೆ ದಾರಿ ಬಿಡುತ್ತಿದ್ದರು. ಅವಳೂ ಬೇಡವೆನ್ನುತ್ತಿರಲಿಲ್ಲ.

ಎರಡು ಸಾವಿರದ ಮೂರರಲ್ಲಿ ಘಟ್ಟದ ಕೆಳಗೆಲ್ಲೋ ಒಬ್ಬಳು ಗಂಡನ ಗಂಜಿಗೆ ವಿಷ ಬೆರೆಸಿದಳೆಂಬ ಸುದ್ದಿ ಬಂತು. ಸುದ್ದಿ ಬಿಸಿಯಿರುವಾಗಲೇ ಪುಸ್ತಕ ಬರಬೇಕು. ಹೊಸ ಅಚ್ಚಿಗೆ ವಾರ ಬೇಕು. ರೇಣುಕಪ್ಪ ಹಳೆಯದನ್ನೇ ಕೊಪ್ಪದ ಶಿವಶಂಕರಪ್ಪನ ಪ್ರೆಸ್ಸಿಗೆ ಒಯ್ದ.

ಐನೂರು ಪ್ರತಿ ನಾಲ್ಕೇ ದಿನಕ್ಕೆ ಖಾಲಿ.

ಐದನೆಯ ದಿನ ನೀಲಾಂಬಿಕೆ ಹಿಟ್ಟು ಬೀಸಿಸದೆ ಗಿರಣಿಯಿಂದ ವಾಪಸು ಬಂದಳು.

"ಪುಟ್ಟಕ್ಕ ಎಲ್ರೆದುರಿಗೆ ಕೇಳಿದ್ಲು, 'ಇವತ್ತು ನಿಮ್ಮನೇಲಿ ಎಂತ, ಗಂಜಿಯಾ?' ಅಂತ. ಎಲ್ರೂ ನಕ್ರು. ಬೇರೆ ಮುಖ ಕೆತ್ತಿ. ಅಲ್ಲಿವರೆಗೂ ಇದು ಅಚ್ಚಾಗ್ಬಾರ್ದು."

"ಕೆತ್ತಿ ಆಯ್ತು ಅಂತ್ಲೇ ತಿಳ್ಕೋ, ನೀಲಾ."

ಕೆತ್ತಲು ಕೂತದ್ದೇನೋ ಹೌದು, ಮೂರು ದಿನ. ಅವನ ಉಳಿಗೆ ಬೇರೆ ಹೆಂಗಸಿನ ಪರಿಚಯವೇ ಇರಲಿಲ್ಲ. ಹೊಸ ಹಲಗೆಯಲ್ಲೂ ಅದೇ ಅಗಲ ಹಣೆ ಮೂಡಿತು. ಅಷ್ಟರಲ್ಲಿ ಶಿವಶಂಕರಪ್ಪನ ಫೋನು.

"ಎಂತ ಮಾರಾಯ, ಶೃಂಗೇರಿಯಿಂದ್ಲೂ ಕೇಳ್ತಿದಾರೆ. ನಾಳೆ ಹೊತ್ತಿಗೆ ಇದು ಹಳೇ ಸುದ್ದಿ. ಅಚ್ಚು ಇಲ್ಲೇ ಇದೆ, ಹ್ಞೂಂ ಅನ್ನು ಸಾಕು."

ರೇಣುಕಪ್ಪ ಹ್ಞೂಂ ಅಂದ. ಮನೆಯಲ್ಲಿ ಹೇಳಲಿಲ್ಲ.

ಸೋಮವಾರದ ಸಂತೆಗೆ ಜನವೋ ಜನ. ಗಂಜಿ ಕುದಿಯುವ ಸಾಲಿಗೆ ಅವನು ಸ್ವರ ಏರಿಸಿದ್ದಾಗ ಗುಂಪು ಸೀಳಿಕೊಂಡು ನೀಲಾಂಬಿಕೆ ಬಂದಳು. ಹೊಸ ಕಟ್ಟಿನಿಂದ ಒಂದು ಪುಸ್ತಕ ಎಳೆದು, ತಲೆಯ ಸೆರಗು ಸರಿಸಿ, ಅದನ್ನು ತನ್ನ ಗಲ್ಲದ ಪಕ್ಕಕ್ಕೆ ಹಿಡಿದಳು.

"ಸರಿಯಾಗಿ ನೋಡ್ಕೊಳ್ಳಿ. ಬೆರೆಸಿದೋಳು ನಾನೇ. ಇವ್ರೇ ನನ್ನ ಗಂಡ, ಇನ್ನೂ ಸತ್ತಿಲ್ಲ. ಹಾಡ್ರೀ, ಯಾಕೆ ನಿಲ್ಲಿಸಿದ್ರಿ?"

ರೇಣುಕಪ್ಪ ಬಾಯಿ ತೆರೆದ. ಏನೂ ತೋಚದೆ ಬಾಯಿ ಒರೆಸಿಕೊಂಡ.

ಆ ಒರೆಸಿಕೊಳ್ಳುವುದು ಜನಕ್ಕೆ ಇಪ್ಪತ್ತು ವರ್ಷದಿಂದ ಗೊತ್ತಿದ್ದದ್ದೇ. "ನಂಗೊಂದು", "ಇಲ್ಲಿಗೆರಡು" ಎಂದು ಕೈಗಳು ಮುಂದೆ ಬಂದವು. ರೇಣುಕಪ್ಪನ ಕೈ ಏಳಲಿಲ್ಲ. ನೀಲಾಂಬಿಕೆಯೇ ಕೊಡುತ್ತ ಹೋದಳು, ಒಂದೊಂದನ್ನೂ ಮುಖ ಮೇಲಾಗಿ ತಿರುಗಿಸಿ, ಕಟ್ಟು ಬರಿದಾಗುವವರೆಗೂ.