ಹೋಲಿಕೆಗೆ ಕೊಯ್ದ ಮರ

ಹಲಸಿಗೆ ಕಸಿ ಕಟ್ಟುವುದರಲ್ಲಿ ತೋಡಾರಿನ ಕಾಕನ ಕೈಗುಣಕ್ಕೆ ಬೆಳ್ತಂಗಡಿಯವರೆಗೆ ಹೆಸರಿತ್ತು. ಅವರು ಕಟ್ಟಿದ ಕಸಿಗಳಿಗೆಲ್ಲ ತಾಯಿ ಒಂದೇ, ಅವರ ಅಂಗಳದ ಬಕ್ಕೆ ಹಲಸಿನ ಮರ. ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ನಾನು ಮೂಡುಬಿದಿರೆಯಿಂದ ಪತ್ರಿಕೆಗೆ ಸುದ್ದಿ ಕಳುಹಿಸುತ್ತಿದ್ದೆ.

ಆ ಬೇಸಗೆಯಲ್ಲಿ ವಾಮದಪದವಿನ ಸುತ್ತ ಹಲಸಿನ ಮರಗಳು ತುದಿಯಿಂದ ಒಣಗತೊಡಗಿದವು. ತೊಗಟೆ ಕೆರೆದರೆ ಒಳಗೆ ಕಪ್ಪು ಗೆರೆ. ಮಾದರಿ ಸಂಗ್ರಹಿಸಲು ಬಂದ ಸಂಶೋಧಕಿಯೊಬ್ಬಳ ಜೊತೆ ನಾನೂ ಹೋದೆ. ಅವಳಿಗೆ ಎರಡು ಶಿಲೀಂಧ್ರಗಳ ಮೇಲೆ ಅನುಮಾನವಿತ್ತು. ಒಂದು, ಸೊರಗಿದ ಮರದಲ್ಲಿ ಮಾತ್ರ ಬೆಳೆಯುವಂಥದ್ದು. ಇನ್ನೊಂದು ಗಾಯದಿಂದ ಒಳಹೊಕ್ಕು ಗಟ್ಟಿ ಮರವನ್ನೂ ಕೊಲ್ಲುವಂಥದ್ದು. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ವಂಶವಾಹಿಯ ಅಕ್ಷರಗಳನ್ನು ಸಾಲಾಗಿ ಓದಿಸಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ ಎಂದಳು.

ಯಾವ ಮರ ಎಲ್ಲಿದೆ ಎಂಬುದು ಕಾಕನಿಗೆ ಗೊತ್ತು. ಜೀಪಿನ ಮುಂದೆ ಕುಳಿತು ದಾರಿ ತೋರಿಸಿದರು. ತಮ್ಮ ಕಸಿ ಚೂರಿಯಿಂದ ಮರದ ತುಂಡುಗಳನ್ನೂ ಅವರೇ ಕೊಯ್ದುಕೊಟ್ಟರು. ಅವಳು ಸ್ಪಿರಿಟ್ ದೀಪ ಹಚ್ಚಿ ಮುಂದೆ ಹಿಡಿದಳು.

"ಕಾಕ, ಒಂದೊಂದು ಮರ ಆದ ಮೇಲೂ ಚೂರಿಯನ್ನು ಬೆಂಕಿಗೆ ಹಿಡಿಯಬೇಕು."

"ಬೆಂಕಿ ತಾಗಿದ್ರೆ ಇದರ ಹದ ಹೋಗ್ತದೆ ಮಗಳೇ. ಮತ್ತೆ ಸೌತೆಕಾಯಿ ಕೊಯ್ಯಲಿಕ್ಕೂ ಆಗ್ಲಿಕ್ಕಿಲ್ಲ."

ಅವಳು ನಕ್ಕಳು. ತುಂಡುಗಳನ್ನು ಪ್ರಯೋಗಾಲಯದಲ್ಲಿ ಹೇಗೂ ತೊಳೆಯುತ್ತೇವೆ, ಪರೀಕ್ಷೆಗೆ ತೊಂದರೆಯಿಲ್ಲ ಎಂದಳು. ಕಾಕ ಚೂರಿಯನ್ನು ಲುಂಗಿಗೆ ಒರೆಸಿಕೊಂಡು ಮುಂದಿನ ಮರಕ್ಕೆ ನಡೆದರು.

ಸಂಜೆಯಾದಾಗ, ಹೋಲಿಸಿ ನೋಡಲು ಒಂದು ಆರೋಗ್ಯವಂತ ಮರವೂ ಬೇಕು ಎಂದಳು.

"ನನ್ನದೇ ಉಂಟಲ್ಲ, ಹೋಗುವ" ಎಂದರು ಕಾಕ.

ವರದಿ ನನ್ನ ವಿಳಾಸಕ್ಕೆ ಬರುವಾಗ ಮಳೆ ಹಿಡಿದಿತ್ತು. ಈ ನಡುವೆ ಕಾಕ ತಾಯಿಮರದಿಂದ ಕಡ್ಡಿ ತೆಗೆದು ಕಟ್ಟಿದ ಗಿಡಗಳು ವಿಟ್ಲಕ್ಕೆ ಹೋಗಿದ್ದವು. ನಾನು ತೋಡಾರಿಗೆ ಹೋಗಿ, ಆ ಮರದ ಕೆಳಗೇ ನಿಂತು ವರದಿಯನ್ನು ಓದಿ ಹೇಳಿದೆ. ಒಣಗುತ್ತಿದ್ದ ಮರಗಳಲ್ಲೆಲ್ಲ ಇದ್ದದ್ದು ಎರಡನೆಯದು, ಗಾಯದಿಂದ ಹರಡುವ ಶಿಲೀಂಧ್ರ. ಹೋಲಿಕೆಗೆ ಕೊಯ್ದ ಮರದಲ್ಲಿ ಏನೂ ಸಿಕ್ಕಿಲ್ಲ.

"ನೋಡಿದಿಯಾ ಮಾರಾಯ, ನನ್ನ ಮರ ಹುಷಾರುಂಟು."

ನಾನು ಮೇಲೆ ನೋಡುತ್ತಿದ್ದೆ. ಅಂದು ಚೂರಿ ಹಾಕಿದ ಗೆಲ್ಲಿನ ತುದಿಯಲ್ಲಿ ಎಲೆಗಳು ಕಂದಾಗಿ ಜೋತುಬಿದ್ದಿದ್ದವು. ಕಾಕನೂ ನೋಡಿದರು. ಚೂರಿ ತೆಗೆಯಲಿಲ್ಲ. ಗೆಲ್ಲನ್ನು ಬಗ್ಗಿಸಿ ಉಗುರಿನಿಂದ ತೊಗಟೆ ಕೆರೆದರು. ಕಪ್ಪು ಗೆರೆ.

"ಆ ದಿನ ಇದನ್ನು ಕೊನೆಗಲ್ವಾ ಕೊಯ್ದದ್ದು?"

"ಹೌದು ಕಾಕ."

ಅವರು ಮೊಬೈಲ್ ತೆಗೆದು ವಿಟ್ಲಕ್ಕೆ ಫೋನ್ ಮಾಡಿ, ಗಿಡ ನೆಟ್ಟಾಯ್ತಾ ಎಂದು ಕೇಳಿದರು. ಆ ಕಡೆಯ ದೊಡ್ಡ ದನಿ ನನಗೂ ಕೇಳಿಸಿತು.

"ಆಯ್ತು ಕಾಕ. ಆಚೆ ಮನೆಗೂ ನಾಲ್ಕು ಕೊಟ್ಟೆ. ಎಲ್ಲ ಚಿಗುರಿದೆ. ನಿಮ್ಮ ಕೈಗುಣ ಅಲ್ವಾ?"