ಕೈ ತೊಳೆಯುವುದನ್ನು ಕಲಿಸಿದವನು

ಅವನ ಉಗುರುಗಳು ಮದುವೆ ಗೊತ್ತಾದ ಹುಡುಗಿಯ ಉಗುರಿಗಿಂತ ಚೊಕ್ಕಟವಾಗಿದ್ದವು. ಬುಡದವರೆಗೆ ಕತ್ತರಿಸಿ, ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿರುತ್ತಿದ್ದ. ತುರೋರಿಯ ಹೈವೇ ಪಕ್ಕದಲ್ಲಿ ಲಾರಿ, ಟ್ರ್ಯಾಕ್ಟರುಗಳ ಸೀಟಿಗೆ ರೆಕ್ಸಿನ್ ಕವರು ಹೊಲಿಯುವ ಅಂಗಡಿ ಅವನದು. ಸುತ್ತಲೂ ಡೀಸೆಲ್ ಹೊಗೆ, ಧೂಳು. ನಡುವೆ ಆ ಹತ್ತು ಉಗುರು. ಹಿಂದೆ ಲಾರಿ ಓಡಿಸುತ್ತಿದ್ದ. ಲಾರಿ ಮಗುಚಿ ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗಿನದೆಲ್ಲ ಒಂದೇ ದಿನ ರಾಜೀನಾಮೆ ಕೊಟ್ಟಿತು. ಆದರೂ ಊರು ಅವನನ್ನು ಡ್ರೈವರ್ ಎಂದೇ ಕರೆಯಿತು. ಗಾಲಿಕುರ್ಚಿಯೂ ಗಾಡಿಯೇ ಎಂಬುದು ಅವನ ವಾದ.

ನಾನು ಜಂಗಮ. ಉಮರ್ಗಾ, ನಿಲಂಗಾ, ಉದಗೀರದ ಭಕ್ತರ ಮನೆಗಳಿಗೆ ಹೋಗಿ ಪೂಜೆ ಮಾಡಿಸುವುದು, ಪಾದ ತೊಳೆಸಿಕೊಳ್ಳುವುದು, ಹೋಳಿಗೆ ಉಂಡು ಆಶೀರ್ವದಿಸುವುದು ನಮ್ಮ ಮನೆತನದ ದುಡಿಮೆ. ದುಡಿದ ಫಲವಾಗಿ ರಕ್ತದಲ್ಲಿ ಸಕ್ಕರೆ ನೆಲೆಸಿ, ಮೂತ್ರಚೀಲದ ನರಗಳನ್ನು ಮಲಗಿಸಿಬಿಟ್ಟಿತು. ಚೀಲ ತುಂಬಿದ್ದು ತಿಳಿಯದು, ಪೂರ್ತಿ ಖಾಲಿಯೂ ಆಗದು. ನಿಂತ ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಕೆಡಿಸುತ್ತಿದೆ ಎಂದರು ಉದಗೀರದ ಡಾಕ್ಟರು. ಉಳಿದ ದಾರಿ ಎರಡು: ಸದಾ ಒಳಗಿರುವ ನಳಿಗೆ ಮತ್ತು ಕಾಲಿಗೆ ಕಟ್ಟಿದ ಚೀಲ, ಇಲ್ಲವೇ ನಾಲ್ಕು ತಾಸಿಗೊಮ್ಮೆ ನನ್ನ ಕೈಯಾರೆ ನಳಿಗೆ ಹಾಕಿ ಖಾಲಿ ಮಾಡಿಕೊಂಡು ತೆಗೆಯುವುದು.

ಪಾದ ತೊಳೆಯಲು ಬಗ್ಗಿದ ಭಕ್ತನ ಮೂಗಿನೆದುರು ಮೂತ್ರದ ಚೀಲ ತೂಗುವ ದೃಶ್ಯವನ್ನು ಕಲ್ಪಿಸಿಕೊಂಡೆ. ಅಲ್ಲಿಗೆ ನನ್ನ ಜಂಗಮತ್ವ ಮುಗಿಯಿತು. ಎರಡನೆಯದೇ ಇರಲಿ ಎಂದೆ. ಸಿಸ್ಟರ್ ಎಲ್ಲ ತೋರಿಸಿಕೊಟ್ಟಳು. ನಾನು ನಾಚಿಕೆಯಿಂದ ಅವಳ ಹಿಂದಿನ ಕ್ಯಾಲೆಂಡರ್ ನೋಡಿದೆ. ಮನೆಯಲ್ಲಿ ನಳಿಗೆ ಅರ್ಧಕ್ಕೇ ನಿಂತಿತು. ಮೂರು ಸಲ ಆಸ್ಪತ್ರೆಗೆ ಓಡಿದೆ. ಹದಿನೈದು ದಿನದಲ್ಲಿ ಕಲಿಯದಿದ್ದರೆ ಚೀಲ ಕಟ್ಟುವುದೇ ಸರಿ ಎಂದ ಡಾಕ್ಟರು, ತುರೋರಿಯ ಡ್ರೈವರ್ ಎಷ್ಟೋ ವರ್ಷದಿಂದ ತಾನೇ ನಳಿಗೆ ಹಾಕಿಕೊಳ್ಳುತ್ತಾನೆ, ಹೊಸಬರಿಗೂ ಕಲಿಸಿಕೊಡುತ್ತಾನೆ, ಹೋಗಿ ಎಂದರು.

ಹೋದೆ. ಡಾಕ್ಟರು ಮೊದಲೇ ಫೋನ್ ಮಾಡಿ ತಿಳಿಸಿದ್ದರು; ಕುರ್ಚಿಯಿಂದಲೇ ಕೈ ಮುಗಿದ. “ಬಗ್ಗಾಕ ಬರಂಗಿಲ್ರಿ ಅಯ್ಯನೋರೆ, ಶರಣು ಬಾಯಿಲೇ ತಗೋರಿ. ಖಾಲಿ ಮಾಡಿ ಎಷ್ಟ ತಾಸ ಆಯ್ತು?”

“ಐದು” ಎಂದೆ.

ಹೊಲಿಗೆ ಅಲ್ಲಿಗೇ ನಿಂತಿತು. “ಒಳಗ ನಡ್ರಿ.”

ರೆಕ್ಸಿನ್ ಪರದೆಯ ಹಿಂದೆ ಬಚ್ಚಲು. ಅವನು ನನಗೆ ಬೆನ್ನು ಮಾಡಿ ಕೂತ. ಸಾಬೂನಿನಿಂದ ಕೈ ತೊಳೆಯುವುದು, ನಳಿಗೆ ಜಾರಲು ಅದಕ್ಕೆ ಜೆಲ್ಲಿ ಹಚ್ಚುವುದು ಎಂದು ಒಂದೊಂದಾಗಿ ಹೇಳಿದ. ನಳಿಗೆ ಹೋಯಿತು, ಹೋಯಿತು, ನಿಂತಿತು. ಕೆಳಹೊಟ್ಟೆ ಮುಟ್ಟಿದರೆ ಕಲ್ಲು.

“ನಿಂತದ” ಎಂದೆ.

“ನಿಲ್ತದ. ಅದು ರೈಲ್ವೆ ಗೇಟ್ ಅದ್ರಿ. ಬಂದ್ ಇದ್ದಾಗ ಗಾಡಿ ನುಗ್ಗಿಸಿದ್ರ ಏನಾಗ್ತದ?”

“ಮುರೀತದ.”

“ಹಂಗಾದ್ರ ನುಗ್ಗಿಸಬ್ಯಾಡ್ರಿ. ಉಸಿರು ಬಿಡ್ರಿ. ಹಳೂ. ನೀವು ಹೆದರಿ ಬಿಗಿ ಹಿಡದೀರಿ, ಅದೂ ಬಿಗಿ ಹಿಡದದ.”

ನಿಧಾನವಾಗಿ ಉಸಿರು ಬಿಟ್ಟೆ. ಇನ್ನೊಮ್ಮೆ ಬಿಟ್ಟೆ. ಏನೋ ಸಡಿಲಾಯಿತು, ನಳಿಗೆ ಜಾರಿತು, ತಗಡಿನ ಡಬ್ಬದಲ್ಲಿ ಸದ್ದಾಯಿತು. ಇಷ್ಟು ವರ್ಷ ಎಷ್ಟೋ ಶಂಖ, ಜಾಗಟೆ ಕೇಳಿದ್ದೇನೆ. ಅಷ್ಟು ಮಂಗಳಕರವಾದ ಸದ್ದು ಕೇಳಿರಲಿಲ್ಲ. ಅವನು ತಿರುಗದೆಯೇ, “ನಿಂತ ಮ್ಯಾಲ ಹಳೂ ತಗೀರಿ. ಗಡಬಡಿ ಮಾಡಿದ್ರ ಅರ್ಧ ಒಳಗೇ ಉಳೀತದ” ಎಂದ.

ಪೂಜೆ ನಡುವೆ ಎದ್ದು ಹೋಗುವುದು ಹೇಗೆ ಎಂಬ ಧರ್ಮಸಂಕಟವನ್ನು ಅವನ ಮುಂದಿಟ್ಟೆ. “ದೇವರು ತಡೀತಾನ್ರಿ. ಚೀಲ ತಡೆಯಂಗಿಲ್ಲ” ಎಂದು ನನ್ನ ಮೊಬೈಲ್ ಕಸಿದುಕೊಂಡು ನಾಲ್ಕು ತಾಸಿಗೊಂದು ಅಲಾರಂ ಇಟ್ಟ. ಸದ್ದು ಲಾರಿ ಹಾರ್ನಿನದು. ಮೊದಲ ಸಲ ಅದು ನಿಲಂಗಾದ ಒಂದು ತೊಟ್ಟಿಲ ಕಾರ್ಯದಲ್ಲಿ ಮೊಳಗಿ, ಕೂಸಿಗಿಂತ ಮೊದಲು ಅಜ್ಜಿ ಬೆದರಿದಳು.

ಹನ್ನೊಂದನೆಯ ದಿನ ಚಳಿಜ್ವರ ಬಂತು. ಮೂತ್ರ ಕದಡಿ ನಾರುತ್ತಿತ್ತು. ಸೋಂಕು, ಮತ್ತೆ ಹೀಗಾದರೆ ಕಿಡ್ನಿ ತಡೆಯದು ಎಂದು ಡಾಕ್ಟರು ಔಷಧ ಬರೆದು, ಚೀಲದ ಮಾತು ಮತ್ತೆ ತೆಗೆದರು. ಜ್ವರ ಇಳಿದ ಮೇಲೆ ತುರೋರಿಗೆ ಹೋಗಿ, ನೀನು ಹೇಳಿದಂತೆಯೇ ಮಾಡಿದ್ದೇನೆ ಎಂದು ಜಗಳ ತೆಗೆದೆ.

“ಮೊದಲಿನಿಂದ ಮಾಡಿ ತೋರಸ್ರಿ” ಎಂದು ಈ ಸಲ ಎದುರಿಗೇ ಕೂತ.

ಮೊಳಕೈವರೆಗೆ ಕೈ ತೊಳೆದೆ, ಒರೆಸಿದೆ, ನಳಿಗೆಗೆ ಕೈ ಹಾಕಿದೆ.

“ನಿಂದರ್ರಿ. ಈಗ ಏನ್ ಮಾಡಿದ್ರಿ?”

“ಏನೂ ಇಲ್ಲ. ಕೈ ತೊಳೆದೆ.”

“ನಡುವ ಏನ್ ಮಾಡಿದ್ರಿ?”

ಕೈ ತೊಳೆದೊಡನೆ ಮೂರು ಬೆರಳು ಹೆಗಲ ಜೋಳಿಗೆಯಲ್ಲಿನ ವಿಭೂತಿಯ ಉಂಡೆ ಸವರಿ ಹಣೆ ಮುಟ್ಟುವುದು ನನಗೆ ಏಳನೆಯ ವಯಸ್ಸಿನಿಂದ ಬಂದದ್ದು. ಮಾಡಿದ್ದು ನನಗೇ ಗೊತ್ತಾಗಿರಲಿಲ್ಲ. ಬೆರಳ ತುದಿಯಲ್ಲಿ ಬಿಳಿ ಬೂದಿ ಇತ್ತು.

“ಬೂದಿ ಹಣಿಗ್ರಿ ಅಯ್ಯನೋರೆ. ನಳಿಗೆಗಲ್ಲ.”

ನನಗೆ ಸಿಟ್ಟು ಬಂತು. “ವಿಭೂತಿ ಪವಿತ್ರ ಅದ. ನನಗ ಕಲಸಾಕ ಬರ್ತಿ?”

“ಪವಿತ್ರ ಖರೆ. ಸ್ವಚ್ಛ ಅಲ್ಲ. ಆ ಉಂಡಿ ಎಷ್ಟ ಮನಿ ತಿರಗ್ಯಾದ? ಎಷ್ಟ ಕೈ ಮುಟ್ಯಾವ?”

ಉಮರ್ಗಾ, ನಿಲಂಗಾ, ಉದಗೀರ: ಲೆಕ್ಕವಿಲ್ಲ. ಮತ್ತೆ ತೊಳೆದೆ. ಅವನು ಅಂದೇ ಒಂದು ಹಸಿರು ರೆಕ್ಸಿನ್ ಸಂಚಿ ಹೊಲಿದು ಕೊಟ್ಟ: ಒಂದು ಖಾನೆಯಲ್ಲಿ ನಳಿಗೆ, ಜೆಲ್ಲಿ, ಸಾಬೂನು. ವಿಭೂತಿಗೆ ಹಿಂಭಾಗದಲ್ಲಿ ಬೇರೆಯೇ ಖಾನೆ, ಅದಕ್ಕೆ ಬಿಗಿಯಾದ ಗುಂಡಿ. ಅಂದಿನಿಂದ ಜ್ವರ ಬರಲಿಲ್ಲ. ಚೀಲದ ಮಾತನ್ನು ಡಾಕ್ಟರೂ ಬಿಟ್ಟರು.

ಹೋದ ವರ್ಷ ಎದೆನೋವು ಬಂದು ಅವನು ಹೊಲಿಗೆ ಯಂತ್ರದ ಮೇಲೆಯೇ ತಲೆಯಿಟ್ಟ. ಮರುದಿನ ಬೆಳಿಗ್ಗೆ ಮನೆಯವರು ನನ್ನನ್ನೇ ಕರೆಸಿದರು. ಹೆಣವನ್ನು ಅಂಗಡಿಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಮಣ್ಣಿಗೆ ಒಯ್ಯುವ ಮೊದಲು ಜಂಗಮ ತನ್ನ ಬಲಪಾದವನ್ನು ಸತ್ತವನ ತಲೆಯ ಮೇಲಿಡಬೇಕು. ಅದಿಲ್ಲದೆ ಹಾದಿ ತೆರೆಯದು ಎಂಬುದು ನಮ್ಮ ನಂಬಿಕೆ. ನೂರಾರು ತಲೆಗಳ ಮೇಲೆ ಯಾವ ಅಳುಕೂ ಇಲ್ಲದೆ ಇಟ್ಟ ಪಾದ ಅಂದು ನೆಲ ಬಿಟ್ಟು ಏಳಲಿಲ್ಲ. ಗುರುವಿನ ತಲೆ ಮೇಲೆ ಶಿಷ್ಯ ಕಾಲಿಡುವುದು ಯಾವ ಶಾಸ್ತ್ರ? ಇಡದಿದ್ದರೆ ಅವನ ಹೆಂಡತಿಗೆ ಏನು ಹೇಳಲಿ?

ಅಷ್ಟರಲ್ಲಿ ಸಂಚಿಯೊಳಗೆ ಲಾರಿ ಹಾರ್ನು ಹೊಡೆಯಿತು.

ಮಂದಿ ಹೌಹಾರಿದರು. “ಅಯ್ಯನೋರೆ, ಪಾದ ಇಟ್ಟ ಹೋಗ್ರಿ, ಹೊತ್ತ ಆಗ್ಯಾದ” ಎಂದ ಒಬ್ಬ ಹಿರಿಯ.

ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹೆಂಡತಿಯೇ ಅಂದಳು: “ಹೋಗಿ ಬರ್ರಿ. ಅಂವಾ ತಡೀತಾನ.”

ಪರದೆಯ ಹಿಂದೆ ಹೋದೆ. ಅವನ ಸಾಬೂನು ಇನ್ನೂ ಒದ್ದೆಯಿತ್ತು. ಮೊಳಕೈವರೆಗೆ ತೊಳೆದೆ, ಉಸಿರು ಬಿಟ್ಟೆ, ಕೊನೆಯ ಹನಿಯವರೆಗೆ ಕಾದು, ಹಳೂ ತೆಗೆದೆ. ಮತ್ತೆ ಕೈ ತೊಳೆದು, ಕಾಲೂ ತೊಳೆದುಕೊಂಡೆ, ಸಾಬೂನು ಹಚ್ಚಿ, ಉಗುರಿನ ಸಂದಿಯೂ ಬಿಡದೆ. ಆಮೇಲೆ ಹೊರಗೆ ಬಂದು ಅವನ ಹಣೆಗೆ ವಿಭೂತಿ ಹಚ್ಚಿ, ಪಾದ ಇಟ್ಟೆ.