ಮುರಿದ ಮೂರು ರೋಲರು

ಹತ್ತೊಂಬತ್ತುನೂರ ತೊಂಬತ್ತಾರರಲ್ಲಿ, ಏಳನೆಯ ತರಗತಿಗೆ ನನ್ನ ಓದು ನಿಂತಿತು. ಆಮೇಲೆ ಕಬ್ಬಿಣ ಹಿಡಿದ ಈ ಕೈಯನ್ನು ಯಾರ ಮುಂದೆಯೂ ಚಾಚಿಲ್ಲ.

ರಾಯಚೂರಿನ ನನ್ನ ಶೆಡ್ಡಿಗೆ ಬಂದವರು ಬಣ್ಣ ಹೊಡೆದ ಹೊಸ ಯಂತ್ರಗಳನ್ನು ನೋಡುತ್ತಿದ್ದರು. ನನ್ನ ತೆರಿಗೆ ಲೆಕ್ಕ ಬರೆಯುತ್ತಿದ್ದ ಮಾನ್ವಿಯ ಬಶೀರ್ ಸಾಹೇಬರು ಮಾತ್ರ ಬಿಳಿ ಅಂಗಿಯ ತೋಳು ಮೇಲೇರಿಸಿ ನೇರ ಗುಜರಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂಡುತ್ತಿದ್ದರು. “ಈ ಸರ್ತಿ ಏನೇನ್ ಕೆಡಿಸೀರಿ ಉಸ್ತಾದ್?”

ಆಗ ನಾನು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಯಂತ್ರ ಮಾಡಲು ಹೆಣಗುತ್ತಿದ್ದೆ. ತೊಟ್ಟು ಕೀಳುವ ಹಲ್ಲುಗಳಿದ್ದ ಮೂರು ರೋಲರು ಒಂದಾದ ಮೇಲೊಂದು ಸೋತು ಮುರಿದಿದ್ದವು. ಆಯುಧಪೂಜೆಯ ಮುನ್ನಾದಿನ ಕೆಟ್ಟದ್ದನ್ನೆಲ್ಲ ಗುಜರಿಗೆ ಹಾಕುವುದು ನಮ್ಮ ಶೆಡ್ಡಿನ ವಾಡಿಕೆ. ಮುರಿದದ್ದು ದೇವಿಯ ಕಣ್ಣಿಗೆ ಬೀಳಬಾರದು, ಗಿರಾಕಿಯ ಕಣ್ಣಿಗಂತೂ ಬೀಳಲೇಬಾರದು. ರೋಲರುಗಳು ಗುಜರಿಯವನ ಗಾಡಿ ಏರಿದ್ದಾಗ ಸಾಹೇಬರು ಬಂದರು.

“ನಿಲ್ಲಸಲೇ ಗಾಡಿ! ಉಸ್ತಾದ್, ಹೊಸಾದು ಹುಡುಕಾಕ ಮಾಡಿದ ಖರ್ಚಿಗೆ ತೆರಿಗಿನಾಗ ರಿಯಾಯಿತಿ ಅದ. ಗೆದ್ದ ಮಷಿನ್ ತೋರಿಸಿದ್ರ ವ್ಯಾಪಾರ ಅಂತಾರ. ಸೋತಿದ್ದು ತೋರಿಸಿದ್ರ ಹುಡುಕ್ಯಾನ ಅಂತಾರ.”

“ಸೋತಿದ್ದು ಊರಿಗೆಲ್ಲಾ ತೋರಿಸಲೇನ್ರಿ? ನನ್ನ ಮಾನ?”

“ನಿಮ್ಮ ಮಾನ ಇವ ತೂಕಕ್ಕ ಒಯ್ಯಾಕತ್ತಾನಲ್ಲ, ಅದು ನಡೀತದೇನು?”

ಗುಜರಿಯವನೂ ನಕ್ಕ. ರೋಲರು ಕೆಳಗಿಳಿದವು.

ಹಾಗಾದರೆ ನಾನು ಮಾಡಿಕೊಟ್ಟ ಅಕ್ಕಿ ಗಿರಣಿಯ ರಿಪೇರಿಯ ಖರ್ಚನ್ನೂ ಆ ಲೆಕ್ಕದಲ್ಲಿ ಸೇರಿಸಿರಿ ಎಂದೆ. “ರಿಪೇರಿ ರಿಪೇರಿನ. ಒಂದು ಸುಳ್ಳು ಸೇರಿದ್ರ ಖರೇದೂ ಕೆಡತದ,” ಎಂದರು. ಬದಲಿಗೆ, ದೇವದುರ್ಗದಲ್ಲಿ ಕೈಯಿಂದ ತೊಟ್ಟು ಬಿಡಿಸುವ, ಪ್ರತಿ ರೋಲರಿಗೂ ಕಾಯಿ ಹಾಕಿ ನೋಡಿದ ಯಲ್ಲವ್ವ ಮತ್ತು ಅವಳ ಜೊತೆಯವರ ಕೂಲಿಯನ್ನು ಲೆಕ್ಕದಿಂದ ಯಾಕೆ ಬಿಟ್ಟಿರಿ ಎಂದು ಕೇಳಿದರು.

“ಅವರು ಕೂಲಿಯವರ್ರೀ. ಮಷಿನ್ ಮಾಡಿದಾವ ನಾನು.”

“ಕೈ ನಿಮ್ಮದು. ಕಣ್ಣು ಅವರದಲ್ಲೇನು?”

ಆ ಕೂಲಿಯನ್ನು ಸೇರಿಸಿದ್ದಕ್ಕೇ ತೆರಿಗೆ ಇಲಾಖೆಯಿಂದ ನೋಟಿಸು ಬಂತು: ತೊಟ್ಟು ಬಿಡಿಸುವುದು ಸಂಶೋಧನೆಯ ಕೆಲಸ ಹೇಗೆ? ರಿಯಾಯಿತಿ ತಪ್ಪಿದ್ದರೆ ನಾಲ್ಕನೆಯ ರೋಲರ್ ಮಾಡಿಸುವ ತ್ರಾಣ ನನ್ನಲ್ಲಿರಲಿಲ್ಲ. ಯಂತ್ರ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ಸಾಹೇಬರು ಕಾಯಿಲೆ ಬಿದ್ದಿದ್ದರು. ಆದರೂ ಟೆಂಪೋದಲ್ಲಿ ಮೂರೂ ರೋಲರು ಹೇರಿಸಿಕೊಂಡು, ಅದರ ಮುಂದಿನ ಸೀಟಿನಲ್ಲೇ ಕುಳಿತು ನನ್ನೊಡನೆ ದೇವದುರ್ಗಕ್ಕೆ ಬಂದರು.

ಯಲ್ಲವ್ವ ಒಂದೊಂದನ್ನೂ ಮುಟ್ಟಿದಳು. “ಇದು ಕಾಯಿ ಒಡದು ಬೀಜ ಉದುರಿಸ್ತು. ಇದು ತೊಟ್ಟಿಗೆ ಮುಟ್ಟಲೇ ಇಲ್ಲ. ಇದು ಛಲೋ ಇತ್ತು ಯಪ್ಪಾ, ಕಾದು ಕಾದು ಕಾಯಿ ಕರ್ರಗ ಮಾಡ್ತು. ಹಲ್ಲು ದೂರ ದೂರ ಇಡ್ರಿ ಅಂತ ನಾನ ಹೇಳಿದ್ದು. ಹೌದಿಲ್ಲೋ ಕೇಳ್ರಿ ಇವರ್ನ.”

ಸಾಹೇಬರು ನನ್ನತ್ತ ನೋಡಿದರು. ಹೆಂಗಸರೆಲ್ಲ ನೋಡಿದರು.

“ಹೌದ್ರಿ. ಆಕಿನ ಹೇಳಿದ್ಳು,” ಎಂದೆ.

“ಹಾಂ. ಇದ ಬೇಕಾಗಿತ್ತು,” ಎಂದು ಸಾಹೇಬರು ಅಲ್ಲೇ ಬರೆದುಕೊಂಡರು. ಆ ಮಾತು, ರೋಲರುಗಳ ಫೋಟೋ, ಅಷ್ಟೇ ಉತ್ತರವಾಗಿ ಹೋಯಿತು. ರಿಯಾಯಿತಿ ಸಿಕ್ಕಿತು.

ನಾಲ್ಕನೆಯ ರೋಲರ್ ಬಿಡಿಸಿದ ಒಂದು ಹಿಡಿ ಮೆಣಸಿನಕಾಯಿ ಒಯ್ದು ಮಾನ್ವಿಯಲ್ಲಿ ಅವರ ಹಾಸಿಗೆಯ ಪಕ್ಕ ಕುಳಿತೆ. ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಆ ಮೂರು?” ಎಂದರು.

“ಅದಾವ್ರಿ. ಇಟ್ಟೀನಿ.”

ಮುಂದಿನ ಆಯುಧಪೂಜೆಯ ಹೊತ್ತಿಗೆ ಅವರಿರಲಿಲ್ಲ. ಆ ವರ್ಷ ಗುಜರಿಯವನನ್ನು ನಾನು ಕರೆಯಲಿಲ್ಲ.

ಇವತ್ತು ನನ್ನಲ್ಲಿರುವುದು: ಒಂದು ಶೆಡ್ಡು, ಒಂದು ಲೇತು, ಎರಡು ವೆಲ್ಡಿಂಗ್ ಯಂತ್ರ, ಓಡುವ ರೋಲರ್ ಒಂದು. ಚೆಂಡುಹೂ ಏರಿಸಿಕೊಂಡು ಬಾಗಿಲ ಎದುರಿಗೇ ಕುಳಿತಿರುವ ಮುರಿದ ರೋಲರು ಮೂರು.